ಸೂಡಿಯ ತಾಮ್ರಶಾಸನವೂ ಮಾವನ ಇ-ಮೇಲೂ



ಈ ವಾರ ಹಳಗನ್ನಡ ಕಾವ್ಯಗಳ ಅಡಿಗೆಮನೆಯನ್ನು ಕುರಿತು ಬರೆಯಬೇಕೆಂದು ನಾಲ್ಕು ಹಾಳೆಗಳಷ್ಟು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆನು. ಅಷ್ಟರಲ್ಲಿ ಮೊನ್ನೆ ಸೋಮವಾರ ನನ್ನ ಸೋದರಮಾವನವರ ಅಂಗಡಿಯಿಂದ ಫೋನು ಬಂದಿತು. ಮಾತು ಮುಗಿದ ಮೇಲೆ ಹೋಳಿಗೆ ಮಂಡಿಗೆಗಳ ವಿಚಾರ ತಲೆಯಿಂದ ಹಾರಿಯೇ ಹೋಯಿತು. ಆ ಕರೆಯಲ್ಲಿ ಏನಿದ್ದಿತೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ 2023ರ ಮುಂಗಾರಿನಿಂದ ಆರಂಭಿಸಬೇಕು.

ಮಾವನವರದು ರೋಣದ ಸೀಮೆಯ ಒಂದು ಊರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಅಲ್ಲಿಯ ಎರೆಯ ಹೊಲಗಳಲ್ಲಿ ಮೊದಲ ಮಳೆ ಬಿದ್ದೊಡನೆ ಹೆಸರು ಬಿತ್ತುವ ಅವಸರ. ಆ ಹದಿನೈದು ದಿನ ಅಂಗಡಿಯ ಮುಂದೆ ಜಾತ್ರೆಯೇ ನೆರೆದಿರುತ್ತದೆ. ಬೀಜದ ಕಂಪನಿಯವರಿಗೆ ಮುಂಗಡ ಹಣ ಸಂದಾಯವಾದ ಮೂರನೆಯ ದಿನಕ್ಕೆ ಲಾರಿ ಬಂದು ನಿಲ್ಲುವುದು ಅನೇಕ ವರ್ಷಗಳಿಂದ ನಡೆದು ಬಂದ ಪದ್ಧತಿ. ಆ ವರ್ಷ ಹಣ ಹೋಯಿತು; ಲಾರಿ ಬರಲಿಲ್ಲ. ನಾಲ್ಕನೆಯ ದಿನವೂ ಬರಲಿಲ್ಲ. ಐದನೆಯ ದಿನ ಮಾವನವರು ಕೂಗಾಡಿ ಫೋನು ಮಾಡಿದಾಗ ಆ ಕಡೆಯವರು ಶಾಂತವಾಗಿ, “ನಿಮ್ಮ ಹಣ ಇನ್ನೂ ಬಂದಿಲ್ಲವಲ್ಲಾ!” ಎಂದರು.

ಹೋದದ್ದು 4,80,000 ರೂಪಾಯಿ. ಹಣ ಕಳುಹಿಸುವುದಕ್ಕೆ ಎರಡು ದಿನ ಮೊದಲು ಕಂಪನಿಯ ಹೆಸರಿನಿಂದ ಒಂದು ಇ-ಮೇಲು ಬಂದಿತ್ತಂತೆ: ‘ಲೆಕ್ಕ ತಪಾಸಣೆಯ ನಿಮಿತ್ತ ನಮ್ಮ ಹಳೆಯ ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ. ಈ ಬಾರಿಯ ಹಣವನ್ನು ಕೆಳಗಿನ ಖಾತೆಗೆ ತುಂಬಬೇಕಾಗಿ ವಿನಂತಿ.’ ಅಂಗಡಿಯ ದಿವಾನಜಿಯವರು—ಲೆಕ್ಕ ಬರೆಯುವ ಗುಮಾಸ್ತರನ್ನು ನಮ್ಮ ಕಡೆ ಹೀಗೆ ಕರೆಯುತ್ತಾರೆ—ಅದರಂತೆಯೇ ತುಂಬಿದರು. ಬ್ಯಾಂಕಿನ ವ್ಯವಸ್ಥಾಪಕರು ಕೂಡಲೇ 1930ಕ್ಕೆ ಕರೆ ಮಾಡಿಸಿದರು. ಗದಗಿನ ಸೈಬರ್ ಠಾಣೆಯಲ್ಲಿ ದೂರು ದಾಖಲಾಯಿತು. ಆದರೆ ಐದು ದಿನಗಳಲ್ಲಿ ಆ ಹಣ ಐದಾರು ಖಾತೆಗಳನ್ನು ದಾಟಿ ಕರಗಿ ಹೋಗಿದ್ದಿತು. ಮೊದಲ ಒಂದೆರಡು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಂಭವವುಂಟು. ಐದನೆಯ ದಿನ ಹೇಳಿದರೆ ಬರೆದುಕೊಳ್ಳುವವರ ಮುಖದಲ್ಲಿ ಕರುಣೆಯೊಂದೇ ಕಾಣುತ್ತದೆ.

ಹಣಕ್ಕಿಂತ ದೊಡ್ಡ ಅನಾಹುತ ಅನಂತರ ನಡೆಯಿತು. ದಿವಾನಜಿಯವರು ಆ ಅಂಗಡಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಸ್ವಂತ ಊರು ಸೂಡಿ. ಕೆಂಪು ಬಟ್ಟೆಯ ಖಾತೆಕಿರ್ದಿಯ ಕಾಲದಿಂದ ಗಣಕಯಂತ್ರದ ಕಾಲಕ್ಕೆ ಬಂದವರು. ಅಂಗಡಿಯ ಗಣಕಯಂತ್ರಕ್ಕೆ ಇದ್ದುದು ಒಂದೇ ಗುಪ್ತಪದ, ಅದೂ ದಿವಾನಜಿಯವರ ಹೆಸರಿನಲ್ಲಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದರು. ಮಾವನವರು, ಅವರ ಮಗ, ಗೋದಾಮಿನ ಹುಡುಗ, ವರ್ಷಕ್ಕೊಮ್ಮೆ ಬರುವ ಲೆಕ್ಕ ತಪಾಸಣೆಯವರು, ಎಲ್ಲರೂ ಆ ಚೀಟಿಯನ್ನು ನೋಡಿಯೇ ಒಳಹೋಗುವುದು. ಹೀಗಾಗಿ ಯಂತ್ರದ ಕಡತದಲ್ಲಿ ಯಾರು ಏನು ಮಾಡಿದರೂ ‘ಮಾಡಿದವರು: ದಿವಾನಜಿ’ ಎಂದೇ ದಾಖಲೆ. ಪತ್ರ ತೆರೆದದ್ದು, ಖಾತೆ ಬದಲಿಸಿದ್ದು, ಹಣ ತುಂಬಿದ್ದು, ಅದಕ್ಕೆ ಒಪ್ಪಿಗೆ ಕೊಟ್ಟದ್ದು ಸಮಸ್ತವೂ ಆ ಒಂದು ಹೆಸರಿನಲ್ಲಿ. ಊರಿನ ಬಾಯಿಗೆ ಇಷ್ಟು ಸಾಕಾಯಿತು. ಮಾವನವರು ಬಾಯಿಬಿಟ್ಟು ಏನೂ ಅನ್ನಲಿಲ್ಲವಂತೆ. ಆದರೆ ಮರುದಿನ ಗಲ್ಲಾಪೆಟ್ಟಿಗೆಯ ಕೀಲಿಯನ್ನು ಅವರ ಕೈಯಿಂದ ಇಸಿದುಕೊಂಡರು. ದಿವಾನಜಿಯವರು ಸಂಜೆಯವರೆಗೆ ಕುಳಿತು ಅಂದಿನ ಲೆಕ್ಕ ಮುಗಿಸಿ, ಕನ್ನಡಕವನ್ನು ಅದರ ಡಬ್ಬಿಯಲ್ಲಿಟ್ಟು, ಸೂಡಿಯ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ.

ನಾನು ದಸರೆಯ ರಜೆಯಲ್ಲಿ ಅಲ್ಲಿಗೆ ಹೋದಾಗ ಮಾವನವರು ಆ ಇ-ಮೇಲನ್ನು ಕಾಗದದ ಮೇಲೆ ಮುದ್ರಿಸಿ ನನ್ನ ಮುಂದೆ ಹಿಡಿದರು.

“ಅಳಿಯಾ, ಸಾವಿರ ವರ್ಷದ ಕಲ್ಲಿನ ಮ್ಯಾಲಿಂದು ಓದ್ತಿ. ಇದನ್ನ ಓದಿ ಹೇಳು, ಇದರಾಗ ತಪ್ಪು ಎಲ್ಲೈತಿ?”

ನಾನು ಮೂರು ಸಲ ಓದಿದೆನು. ಭಾಷೆಯಲ್ಲಿ ದೋಷವಿಲ್ಲ. ಸಂಬೋಧನೆ ಸರಿ. ಹಿಂದಿನ ಲಾರಿಯ ಸಂಖ್ಯೆ, ಬಾಕಿಯ ಮೊತ್ತ, ಕಂಪನಿಯ ಮುದ್ರೆ, ಎಲ್ಲವೂ ಸರಿ. ಕೊನೆಗೆ ವಿಳಾಸದ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಕೂಡಿಸಿದಾಗ ಸಿಕ್ಕಿತು. ಕಂಪನಿಯ ಹೆಸರಿನಲ್ಲಿ ಇಂಗ್ಲಿಷಿನ ‘ಎಮ್’ ಇರಬೇಕಾದೆಡೆಯಲ್ಲಿ ‘ಆರ್’, ‘ಎನ್’ ಎಂಬ ಎರಡು ಅಕ್ಷರಗಳು ಒತ್ತಾಗಿ ಕುಳಿತಿದ್ದವು. ಸಣ್ಣ ಅಕ್ಷರದಲ್ಲಿ ಎರಡಕ್ಕೂ ಭೇದವೇ ಕಾಣದು. ಹಳೆಯ ಓಲೆಗಳಲ್ಲಿ ಪಕಾರ ವಕಾರಗಳ ಗೊಂದಲವನ್ನು ಬಿಡಿಸುತ್ತ ಕಣ್ಣು ಕೆಡಿಸಿಕೊಂಡವನಾದುದರಿಂದ ನನಗೆ ಕಂಡಿತು. ಮಳೆ ಬಿದ್ದ ದಿನ, ಮುಂದೆ ಐವತ್ತು ಮಂದಿ ರೈತರು ನಿಂತಿರುವಾಗ, ಅರವತ್ತು ದಾಟಿದ ಮನುಷ್ಯನಿಗೆ ಇದು ಕಾಣಬೇಕಾಗಿತ್ತೆಂದು ಯಾವ ಬಾಯಿಯಿಂದ ಹೇಳುವುದು?

ಆ ವೇಳೆಗೆ ತನಿಖೆಯಿಂದ ಮತ್ತೊಂದು ಸಂಗತಿಯೂ ಹೊರಬಿದ್ದಿತ್ತು. ಕಳ್ಳರು ಮಾವನವರ ಅಂಗಡಿಗೆ ಕಾಲಿಟ್ಟಿರಲೇ ಇಲ್ಲ. ಬೀಜದ ಕಂಪನಿಯ ಒಬ್ಬ ನೌಕರನ ಅಂಚೆಪೆಟ್ಟಿಗೆಯ ಗುಪ್ತಪದವನ್ನು ಎಲ್ಲಿಯೋ ಸಂಪಾದಿಸಿ, ಅಲ್ಲಿ ಬರುವ ಪ್ರತಿಯೊಂದು ಪತ್ರದ ನಕಲೂ ತಮಗೆ ಬರುವಂತೆ ಏರ್ಪಾಟು ಮಾಡಿಕೊಂಡು, ವಾರಗಟ್ಟಲೆ ಓದುತ್ತ ಕುಳಿತಿದ್ದರು. ಯಾವ ಅಂಗಡಿಯವರು ಯಾವಾಗ ಎಷ್ಟು ಕಳುಹಿಸುತ್ತಾರೆಂಬುದು ಅವರಿಗೆ ಕರತಲಾಮಲಕವಾಗಿದ್ದಿತು. ದಿವಾನಜಿಯವರ ತಪ್ಪೆಂದರೆ ತಮಗೆ ಬಂದ ಕಾಗದವನ್ನು ನಂಬಿದ್ದು.

“ಸೂಡಿಗೆ ಹೋಗಿ ಬರೂಣೇನು?” ಎಂದು ಮಾವನವರೇ ಕೇಳಿದರು.

ನಾವು ಹೋದಾಗ ದಿವಾನಜಿಯವರು ಮನೆಯಲ್ಲಿರಲಿಲ್ಲ, ಹೊಲಕ್ಕೆ ಹೋಗಿದ್ದರು. ಅವರ ಸೊಸೆ ನೀರು ಬೆಲ್ಲ ಕೊಟ್ಟು, “ಬಿಸಿಲು ಇಳಿದ ಮ್ಯಾಲೆ ಬರ್ತಾರ್ರಿ” ಎಂದಳು. ಕಾಯುವ ಹೊತ್ತಿನಲ್ಲಿ ನಾವಿಬ್ಬರೂ ಊರು ಸುತ್ತಿದೆವು.

ಇಂದು ಸೂಡಿಯನ್ನು ನೋಡಿದವರಿಗೆ ಅದು ಒಂದು ಕಾಲದಲ್ಲಿ ದೊಡ್ಡ ಪಟ್ಟಣವಾಗಿದ್ದಿತೆಂದು ಹೇಳಿದರೆ ನಂಬುಗೆಯಾಗುವುದು ಕಷ್ಟ. ಆದರೆ ಎರಡು ಶಿಖರಗಳ ಜೋಡುಕಳಸದ ಗುಡಿಯ ಮುಂದೆ ನಿಂತರೆ, ಗೋಡೆಗೋಡೆಗೂ ಕೆತ್ತನೆ ತುಂಬಿದ ನಾಗಕುಂಡದ ಮೆಟ್ಟಲಿಳಿದರೆ, ಸಂದೇಹ ನಿಲ್ಲುವುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಎರಡನೆಯ ಜಯಸಿಂಹನ ಸೋದರಿಯಾದ ಅಕ್ಕಾದೇವಿ ಆಳಿದ ಸೀಮೆ ಇದು. ಲಕ್ಕುಂಡಿಯಂತೆ ಸೂಡಿಯಲ್ಲಿಯೂ ಟಂಕಸಾಲೆಯಿದ್ದಿತು. 96 ಗುಂಜಿ ತೂಕದ ಗದ್ಯಾಣ—ತಡೆಯಿರಿ, ಗುಂಜಿಯಲ್ಲ. ವಿದ್ವಾಂಸರು ಕೊಟ್ಟಿರುವುದು ಗ್ರೇನಿನ ಲೆಕ್ಕ—ಹಾಗೆ 65 ಗ್ರೇನಿನ ದ್ರಮ್ಮ, 15 ಗ್ರೇನಿನ ಕಾಸು, ಇಂತಹ ನಾಣ್ಯಗಳು ಚಾಲುಕ್ಯರ ಟಂಕಸಾಲೆಗಳಲ್ಲಿ ಮುದ್ರೆ ಒತ್ತಿಸಿಕೊಂಡು ಹೊರಬರುತ್ತಿದ್ದವು. ನಾಣ್ಯ ಎಲ್ಲಿ ಹುಟ್ಟುತ್ತದೆಯೋ ಅದರ ನಕಲೂ ಅಲ್ಲಿಯೇ ಪಕ್ಕದ ಓಣಿಯಲ್ಲಿ ಹುಟ್ಟುತ್ತದೆ. ಆದುದರಿಂದಲೇ ಅಂದಿನ ವರ್ತಕ ರಾಜಮುದ್ರೆಯನ್ನು ನೋಡಿ ಕೈಮುಗಿದು ಸುಮ್ಮನಾಗುತ್ತಿರಲಿಲ್ಲ. ತಕ್ಕಡಿಯನ್ನೂ ಒರೆಗಲ್ಲನ್ನೂ ತೆಗೆಯುತ್ತಿದ್ದನು.

ನಾಗಕುಂಡದ ಕಟ್ಟೆಯ ಮೇಲೆ ಕುಳಿತು ನಾನು ಮಾವನವರಿಗೆ ಹೇಳಿದ್ದು ಸೂಡಿಯ ತಾಮ್ರಶಾಸನದ ಕಥೆಯನ್ನು. ಗಂಗರ ಬೂತುಗನು ಶಕವರ್ಷ 860ರಲ್ಲಿ, ಎಂದರೆ ಕ್ರಿ.ಶ. 938ರಲ್ಲಿ, ಇಲ್ಲಿಯ ಬಸದಿಗೆ ದತ್ತಿ ಬಿಟ್ಟನೆಂದು ಹೇಳುವ ತಾಮ್ರಪಟಗಳು ಈ ಊರಿನವು. ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಅವನ್ನು ಪ್ರಕಟಿಸಿದವನು ಜೆ. ಎಫ್. ಫ್ಲೀಟ್. ಪ್ರಕಟಿಸುವಾಗಲೇ ಅವನು ಶೀರ್ಷಿಕೆಯಲ್ಲಿ ‘ಕೂಟ’ ಎಂದು ಹಣೆಪಟ್ಟಿ ಹಚ್ಚಿಬಿಟ್ಟನು. ಕೂಟಶಾಸನವೆಂದರೆ ಖೊಟ್ಟಿ ಶಾಸನ. ಗಂಗರ ತಾಮ್ರಪಟಗಳ ಸಾಚಾತನದ ವಿಷಯದಲ್ಲಿ ಫ್ಲೀಟನಿಗೂ ಮೈಸೂರಿನ ಬಿ. ಎಲ್. ರೈಸರಿಗೂ ನಡೆದ ವಾಗ್ವಾದ ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದರ ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ನನಗೆ ಮುಖ್ಯವಾದುದು ಪರೀಕ್ಷೆಯ ರೀತಿ. ಖೊಟ್ಟಿ ಶಾಸನ ಮಾಡುವವನು ತಾಮ್ರವನ್ನು ತಾಮ್ರದಲ್ಲಿಯೇ ಮಾಡುತ್ತಾನೆ. ರಾಜನ ಬಿರುದುಗಳನ್ನು ಭಕ್ತಿಯಿಂದ ಬರೆಯುತ್ತಾನೆ. ಲಾಂಛನದ ಆನೆಯನ್ನೂ ಅಚ್ಚುಕಟ್ಟಾಗಿ ಕೂಡಿಸುತ್ತಾನೆ. ಶಾಸನದೊಳಗೇ ಕಣ್ಣು ನೆಟ್ಟು ಕುಳಿತರೆ ಅವನು ಗೆಲ್ಲುತ್ತಾನೆ. ಆದುದರಿಂದ ಪಂಡಿತನು ಹೊರಗೆ ಹೋಗಬೇಕು: ಬೇರೆ ಶಾಸನಗಳಲ್ಲಿ ವಂಶಾವಳಿ ಹೇಗಿದೆ, ಆ ತಿಥಿಗೆ ಆ ವಾರ ಪಂಚಾಂಗದಲ್ಲಿ ಕೂಡುತ್ತದೆಯೆ, ಆ ಲಿಪಿ ಆ ಶತಮಾನದ್ದೆ?

ಮಾವನವರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, “ಅಂದ್ರ ನಾನು ಆ ಕಾಗದಾ ಎಷ್ಟು ಸಲ ಓದಿದ್ರೂ ಉಪಯೋಗಿಲ್ಲ. ಒಂದು ಫೋನ್ ಹಚ್ಚಿದ್ರ ಮುಗೀತಿತ್ತು,” ಎಂದರು.

ಫ್ಲೀಟ್ ಸಾಹೇಬನು ಇಷ್ಟು ಸಂಕ್ಷೇಪವಾಗಿ ಹೇಳಿದ್ದರೆ ನಮ್ಮ ಎಂ.ಎ. ಪರೀಕ್ಷೆ ಎಷ್ಟು ಸುಲಭವಾಗುತ್ತಿದ್ದಿತು!

ಅಂದಿನಿಂದ ನಾನು ಈ ವಿಷಯವನ್ನು ಬಿಡದೆ ಓದುತ್ತ ಬಂದಿದ್ದೇನೆ. ಕನ್ನಡದ ಅಧ್ಯಾಪಕನಿಗೆ ಇದೇಕೆಂದು ನನ್ನ ಶ್ರೀಮತಿಯೂ ಕೇಳಿದ್ದಾಳೆ. ಪಾಠಾಂತರ, ಪ್ರಕ್ಷಿಪ್ತ, ಕೂಟಲೇಖ, ಇವುಗಳಲ್ಲಿಯೇ ಹೊಟ್ಟೆ ಹೊರೆಯುವವನಿಗೆ ಇದು ಪರಕೀಯ ವಿಷಯವಲ್ಲವೆಂದು ಉತ್ತರ ಕೊಟ್ಟಿದ್ದೇನೆ.

ಈ ವಿದ್ಯೆಯಲ್ಲಿ ಜಗತ್ಪ್ರಸಿದ್ಧವಾದ ಪ್ರಸಂಗ ನಮ್ಮ ನೆರೆಯ ಬಾಂಗ್ಲಾದೇಶದ್ದು. 2016ರ ಫೆಬ್ರುವರಿಯಲ್ಲಿ ಆ ದೇಶದ ಕೇಂದ್ರ ಬ್ಯಾಂಕಿನ ಗಣಕಯಂತ್ರಗಳನ್ನು ಹೊಕ್ಕ ಕಳ್ಳರು, ನ್ಯೂಯಾರ್ಕಿನಲ್ಲಿಟ್ಟಿದ್ದ ಆ ಬ್ಯಾಂಕಿನ ಹಣದಿಂದ ಸುಮಾರು 95 ಕೋಟಿ ಡಾಲರು ಕಳುಹಿಸಿಕೊಡಬೇಕೆಂದು 35 ಆಜ್ಞೆಗಳನ್ನು ಹೊರಡಿಸಿದರು. ನಾಲ್ಕು ಆಜ್ಞೆಗಳು ಫಲಿಸಿ 8 ಕೋಟಿ 10 ಲಕ್ಷ ಡಾಲರು ಮನಿಲಾಕ್ಕೆ ಹೋಯಿತು. ಶ್ರೀಲಂಕೆಗೆ ಹೊರಟ 2 ಕೋಟಿ ಡಾಲರು ನಡುವೆಯೇ ನಿಂತಿತು. ಏಕೆ ಬಲ್ಲಿರಾ? ‘ಫೌಂಡೇಶನ್’ ಎಂದು ಬರೆಯಬೇಕಾದೆಡೆಯಲ್ಲಿ ಕಳ್ಳನು ‘ಫ್ಯಾಂಡೇಶನ್’ ಎಂದು ಬರೆದಿದ್ದನು. ನಡುವಿನ ಬ್ಯಾಂಕಿನವರು ಇದೇನೆಂದು ಕೇಳಿದರು. ಕಾಗುಣಿತಕ್ಕೆ ಇಷ್ಟು ಬೆಲೆ ಬಂದುದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ.

ಆದರೆ ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದುದು ಒಂದು ಮುದ್ರಣಯಂತ್ರ. ಪರದೇಶಕ್ಕೆ ಹೋದ ಪ್ರತಿಯೊಂದು ಆಜ್ಞೆಯನ್ನೂ ತಾನೇ ಅಚ್ಚುಮಾಡುವ ಪ್ರಿಂಟರೊಂದು ಆ ಬ್ಯಾಂಕಿನ ಭದ್ರವಾದ ಕೋಣೆಯಲ್ಲಿದ್ದಿತು. ಕಳ್ಳರು ಮೊದಲು ಅದರ ಬಾಯಿ ಕಟ್ಟಿದರು. ಶುಕ್ರವಾರ ಬೆಳಗ್ಗೆ ಅದು ಕೆಟ್ಟು ನಿಂತುದನ್ನು ನೋಡಿದ ಸಿಬ್ಬಂದಿ, ಎಂದಿನಂತೆ ಕೆಟ್ಟಿರಬೇಕೆಂದು ಬಿಟ್ಟರು. ನಮ್ಮ ಎಷ್ಟು ಕಚೇರಿಗಳಲ್ಲಿ ಇದೇ ಮಾತು ಪ್ರತಿದಿನವೂ ಕೇಳಿಬರುವುದಿಲ್ಲ! ಅಷ್ಟು ದೊಡ್ಡ ಖಜಾನೆಗೆ ಹೊರಗಿನವರನ್ನು ತಡೆಯುವ ಜಾಲದ ಗೋಡೆಯೇ ಇರಲಿಲ್ಲವೆಂದೂ, ಹತ್ತು ಡಾಲರಿನ ಹಳೆಯ ಸಾಮಾನುಗಳಿಂದ ಯಂತ್ರಗಳನ್ನು ಜೋಡಿಸಿದ್ದರೆಂದೂ ತನಿಖೆಯವರು ಹೇಳಿದರು.

ಇಂದಿನ ಕಳ್ಳರು ಕಾಗುಣಿತ ತಪ್ಪುವುದಿಲ್ಲ. ಪತ್ರ ಬರೆದುಕೊಡುವ ಯಂತ್ರಗಳು ಬಂದಿವೆ. ಅವುಗಳ ಇಂಗ್ಲಿಷು ನಮ್ಮ ಪ್ರಾಚಾರ್ಯರದಕ್ಕಿಂತಲೂ ಶುದ್ಧ. ಪತ್ರವಂತಿರಲಿ, ಮುಖವನ್ನೂ ಧ್ವನಿಯನ್ನೂ ನಕಲು ಮಾಡುತ್ತಾರೆ. 2024ರಲ್ಲಿ ಅರೂಪ್ ಎಂಬ ಪ್ರಖ್ಯಾತ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರನೊಬ್ಬನು ದೃಶ್ಯ-ಸಭೆಯಲ್ಲಿ ತನ್ನ ಮೇಲಧಿಕಾರಿಯನ್ನೂ ಸಹೋದ್ಯೋಗಿಗಳನ್ನೂ ಕಣ್ಣಾರೆ ಕಂಡು, ಅವರ ಮಾತಿನಂತೆ ಸುಮಾರು ಎರಡೂವರೆ ಕೋಟಿ ಡಾಲರು ಕಳುಹಿಸಿದನು. ಸಭೆಯಲ್ಲಿದ್ದವರೆಲ್ಲ ಯಂತ್ರ ಹೆಣೆದ ಬೊಂಬೆಗಳು, ಮನುಷ್ಯನೆಂಬುವನು ಅವನೊಬ್ಬನೇ! ಇಂತಹ ಕಾಲದಲ್ಲಿ ಹಣದ ಆಜ್ಞೆ ಬಂದ ದಾರಿಯಲ್ಲಿಯೇ ಅದನ್ನು ವಿಚಾರಿಸಿ ಫಲವಿಲ್ಲ. ಆ ಪತ್ರಕ್ಕೆ ಉತ್ತರ ಬರೆದು ‘ಇದು ನಿಜವೆ?’ ಎಂದು ಕೇಳಿದರೆ, ‘ನಿಜ’ ಎಂದು ಉತ್ತರ ಕೊಡುವವನು ಕಳ್ಳನೇ. ಪತ್ರದಲ್ಲಿ ಕೊಟ್ಟ ಫೋನ್ ಸಂಖ್ಯೆಯೂ ಅವನದೇ. ಮೊದಲಿನಿಂದ ನಮ್ಮ ಬಳಿ ಬರೆದಿಟ್ಟಿರುವ ಸಂಖ್ಯೆಗೆ, ನಮಗೆ ಪರಿಚಿತನಾದ ಮನುಷ್ಯನಿಗೆ, ನಾವಾಗಿ ಕರೆ ಮಾಡಬೇಕು.

ಇನ್ನೊಂದು ಅನುಕೂಲವೂ ಬಂದಿದೆ. ಮೊದಲು ದೊಡ್ಡ ಮೊತ್ತ ಕಳುಹಿಸುವಾಗ ಬ್ಯಾಂಕು ನೋಡುತ್ತಿದ್ದುದು ಖಾತೆಯ ಸಂಖ್ಯೆಯನ್ನು. ಹೆಸರು ಏನೆಂದು ಬರೆದರೂ ನಡೆಯುತ್ತಿದ್ದಿತು. ಮಾವನವರ ಹಣ ಹೋದದ್ದೂ ಹಾಗೆಯೇ. 2025ರ ಏಪ್ರಿಲ್ ಒಂದನೆಯ ತಾರೀಖಿನೊಳಗೆ, ಹಣ ಕಳುಹಿಸುವ ಮೊದಲೇ ಆ ಸಂಖ್ಯೆಯ ಖಾತೆ ಯಾರ ಹೆಸರಿನಲ್ಲಿದೆಯೆಂಬುದನ್ನು ತೋರಿಸುವ ಸೌಕರ್ಯವನ್ನು ಬ್ಯಾಂಕುಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು. ತೋರಿಸಿದ ಹೆಸರನ್ನು ಓದುವ ವ್ಯವಧಾನವೊಂದು ನಮಗಿದ್ದರೆ ಸರಿ.

ಗುಪ್ತಪದದ ವಿಷಯದಲ್ಲಿ ನನಗೆ ಪ್ರತ್ಯೇಕವಾದ ಸಿಟ್ಟಿದೆ. ಮೂರು ತಿಂಗಳಿಗೊಮ್ಮೆ ಬದಲಿಸಿ, ಒಂದು ಅಂಕಿ ಇರಲಿ, ಒಂದು ಚಿಹ್ನೆ ಇರಲಿ ಎಂದು ಪೀಡಿಸುವ ಸಂಪ್ರದಾಯ ಬೆಳೆದುದು 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದಕ್ಕಾಗಿ ಬಿಲ್ ಬರ್ ಎಂಬವರು ಬರೆದ ಕೈಪಿಡಿಯಿಂದ. 2017ರಲ್ಲಿ ಅವರೇ ಅದಕ್ಕಾಗಿ ಪಶ್ಚಾತ್ತಾಪ ಪಟ್ಟರು. ಜನರು ‘1’ ಇದ್ದುದನ್ನು ‘2’ ಮಾಡಿ ಕೈತೊಳೆದುಕೊಳ್ಳುತ್ತಾರೆ. ಇಲ್ಲವೆ ಕ್ಯಾಲೆಂಡರಿನ ಹಿಂದೆ ಅಂಟಿಸುತ್ತಾರೆ. ಈಗಿನ ತಜ್ಞರ ಮತವೆಂದರೆ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಶಬ್ದಗಳನ್ನು ಕೂಡಿಸಿದ ಉದ್ದನೆಯ ಪದವೇ ಲೇಸು. ಅದನ್ನು ಎರಡು ಕಡೆ ಬಳಸಕೂಡದು. ಮತ್ತು ಅದರ ಹಿಂದೆ ಎರಡನೆಯ ಅಗುಳಿಯೊಂದಿರಬೇಕು, ಫೋನಿಗೆ ಬರುವ ಸಂಕೇತವೊ, ಬೆರಳಿನ ಗುರುತೊ, ಏನಾದರೊಂದು. ಬೀಜದ ಕಂಪನಿಯ ಆ ನೌಕರನ ಅಂಚೆಪೆಟ್ಟಿಗೆಗೆ ಎರಡನೆಯ ಅಗುಳಿಯಿದ್ದಿದ್ದರೆ ಸೂಡಿಯ ಬಸ್ಸಿನಲ್ಲಿ ಅಂದು ಒಬ್ಬ ಪ್ರಯಾಣಿಕ ಕಡಮೆಯಾಗುತ್ತಿದ್ದನು.

ಇಂಗ್ಲೆಂಡಿನ ಕೆಎನ್‌ಪಿ ಎಂಬ 158 ವರ್ಷಗಳ ಹಳೆಯ ಲಾರಿ ಸಾಗಣೆ ಸಂಸ್ಥೆ 2023ರಲ್ಲಿ ಮುಚ್ಚಿಹೋಯಿತು. ಯಾರೋ ಒಬ್ಬ ನೌಕರನ ಗುಪ್ತಪದವನ್ನು ಊಹಿಸಿ ಒಳಹೊಕ್ಕ ಕಳ್ಳರು ಸಮಸ್ತ ದಾಖಲೆಗಳಿಗೂ ಬೀಗ ಜಡಿದು ಒತ್ತೆಹಣ ಕೇಳಿದರು. ಸುಮಾರು 700 ಮಂದಿಯ ಕೆಲಸ ಹೋಯಿತು. ಅದು ಯಾರ ಗುಪ್ತಪದವೆಂಬುದನ್ನು ಆ ನೌಕರನಿಗೆ ತಾನು ತಿಳಿಸಿಲ್ಲವೆಂದು ಸಂಸ್ಥೆಯ ನಿರ್ದೇಶಕನು ಹೇಳಿದುದನ್ನು ಓದಿದಾಗ, ಗಲ್ಲಾಪೆಟ್ಟಿಗೆಯ ಕೀಲಿ ಇಸಿದುಕೊಂಡ ನನ್ನ ಮಾವನವರ ನೆನಪಾಯಿತು. ನಿರ್ದೇಶಕನದು ದೊಡ್ಡ ಮನಸ್ಸು. ಆದರೆ ಎರಡು ಪ್ರಸಂಗಗಳಲ್ಲಿಯೂ ಒಬ್ಬನ ಒಂದು ಶಬ್ದದ ಮೇಲೆ ಇಡೀ ಮನೆಯ ಭಾರವನ್ನು ಹೊರಿಸಿದವರು ಯಜಮಾನರೇ ಅಲ್ಲವೆ?

ಬೀಗ ಜಡಿಯುವ ಈ ಕಳ್ಳತನಕ್ಕೆ ಮದ್ದೆಂದರೆ ನಕಲು ಪ್ರತಿ. ಅದೂ ಅದೇ ಯಂತ್ರಕ್ಕೆ ಸದಾ ಚುಚ್ಚಿಟ್ಟ ಪೆಟ್ಟಿಗೆಯಲ್ಲಲ್ಲ. ಬೀಗ ಬಿದ್ದಾಗ ಅದಕ್ಕೂ ಬೀಳುತ್ತದೆ. ಬಿಡಿಸಿ ಬೇರೆಡೆಯಲ್ಲಿಡಬೇಕು. 2017ರ ಜೂನಿನಲ್ಲಿ ಮಾರ್ಸ್ಕ್ ಎಂಬ ಮಹಾ ಹಡಗು ಸಂಸ್ಥೆಯ ಯಂತ್ರಗಳೆಲ್ಲ ಒಂದೇ ದಿನ ನಿಶ್ಚೇಷ್ಟಿತವಾದವು. ಇಡೀ ಜಾಲದ ಮೂಲ ಕಡತದ ಪ್ರತಿಗಳನ್ನು ಪ್ರಪಂಚದಾದ್ಯಂತ ಇಟ್ಟಿದ್ದರು. ಆದರೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡೇ ಇದ್ದುದರಿಂದ ಎಲ್ಲವೂ ಅಳಿದವು, ಒಂದರ ಹೊರತು. ಅದು ಆಫ್ರಿಕದ ಘಾನಾದಲ್ಲಿದ್ದಿತು. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿದ್ದಿತು! ಆ ಒಂದು ಪ್ರತಿಯಿಂದ ಸಂಸ್ಥೆಯವರು ಮತ್ತೆ ಎಲ್ಲವನ್ನೂ ಕಟ್ಟಿದರು. ಇದನ್ನು ಹೇಳಿದಾಗ ಮಾವನವರಿಗೆ ಆದಷ್ಟು ಸಂತೋಷ ಮತ್ತಾವುದರಿಂದಲೂ ಆಗಲಿಲ್ಲ. ಕರೆಂಟು ಹೋಗುವುದರಲ್ಲಿ ನಮ್ಮ ಸೀಮೆಯೇನು ಘಾನಾಕ್ಕೆ ಕಡಮೆಯೆ?

ಪ್ರಕೃತ, ಪರರ ಬಾಗಿಲಿನಿಂದ ಬರುವ ಕಳ್ಳನ ವಿಚಾರಕ್ಕೆ ಬರೋಣ. ಭಾರತದ ಸಹಕಾರಿ ಚಳವಳಿಯ ಮೊದಲ ಕೃಷಿ ಪತ್ತಿನ ಸಂಘ 1905ರಲ್ಲಿ ಸ್ಥಾಪನೆಯಾದುದು ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಒಬ್ಬರನ್ನೊಬ್ಬರು ಬಲ್ಲ ಜನ ಒಂದೆಡೆ ಸೇರಿ ಹಣವಿಟ್ಟರೆ ಕಾವಲೂ ತಾನಾಗಿ ಆಗುತ್ತದೆಂಬುದು ಆ ಕಾಲದ ನಂಬುಗೆ. ಅಂದಿಗೆ ಅದು ನಿಜವೂ ಆಗಿದ್ದಿತು. ಈಗ ಸಣ್ಣ ಸಹಕಾರಿ ಬ್ಯಾಂಕುಗಳು ತಮ್ಮ ಯಂತ್ರದ ಕೆಲಸವನ್ನು ಹೊರಗಿನ ಸಂಸ್ಥೆಗಳಿಗೆ ವಹಿಸುತ್ತವೆ. ಅವು ಇನ್ನೊಬ್ಬರಿಗೆ ವಹಿಸುತ್ತವೆ. 2024ರ ಜುಲೈ 31ರಂದು ಸಿ-ಎಡ್ಜ್ ಎಂಬ ಅಂತಹ ಒಂದು ಸಂಸ್ಥೆಯ ಮೇಲೆ ಒತ್ತೆಹಣದ ದಾಳಿಯಾಯಿತೆಂದು, ದೇಶದ ಹಣಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ಕಡಿದುಹಾಕಿತು. ಅದನ್ನು ನೆಚ್ಚಿಕೊಂಡಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಕಳುಹಿಸುವ ದಾರಿಯೇ ಮುಚ್ಚಿತು, ಮರುದಿನ ತೆರೆಯಿತು. ದಾಳಿಯ ಜಾಡು ಹಿಡಿದು ಹೊರಟ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯವರು ಹೇಳಿದ ಪ್ರಕಾರ, ಕಳ್ಳರು ಹೊಕ್ಕಿದ್ದು ಸಿ-ಎಡ್ಜಿನೊಡನೆ ಕೆಲಸ ಮಾಡುತ್ತಿದ್ದ ಮತ್ತೊಂದು ಸಣ್ಣ ಸಂಸ್ಥೆಯ, ಸರಿಯಾಗಿ ಅಣಿಗೊಳಿಸದೆ ಬಿಟ್ಟ ಸರ್ವರೊಂದರಿಂದ. ತೇಪೆ ಹಾಕಬೇಕಾದ ರಂಧ್ರ ಎಲ್ಲರಿಗೂ ಗೊತ್ತಿದ್ದುದೇ. ಯಾರದೋ ಯಂತ್ರ, ಯಾರೋ ಹಾಕಿಯಾರೆಂದು ಬಿಟ್ಟಿದ್ದರು.

ಸರ್ಕಾರದ ಮನೆಯೂ ಇದಕ್ಕೆ ಹೊರತಲ್ಲ. 2019ರಲ್ಲಿ ನಮ್ಮ ರಾಜ್ಯದ ಇ-ಖರೀದಿ ಜಾಲವನ್ನು ಹೊಕ್ಕು, ಗುತ್ತಿಗೆದಾರರು ಟೆಂಡರಿನೊಡನೆ ಇಟ್ಟ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿಗಳನ್ನು ಪರರ ಖಾತೆಗಳಿಗೆ ಹರಿಸಿಕೊಂಡ ಪ್ರಕರಣವನ್ನು ವಾಚಕರು ಪತ್ರಿಕೆಗಳಲ್ಲಿ ಓದಿದ್ದೀರಿ. 2001ರಲ್ಲಿಯೇ ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆದ ರಾಜ್ಯ ನಮ್ಮದು!

ಮನೆಯಲ್ಲಿದ್ದುಕೊಂಡು ಸಣ್ಣ ಉದ್ಯಮ ನಡೆಸುವ ಗೃಹಿಣಿಯರು, ಔಷಧದ ಅಂಗಡಿಯವರು, ಟ್ಯೂಶನ್ ಹೇಳುವವರು, ಇದು ದೊಡ್ಡವರ ಮಾತೆಂದು ಪುಟ ತಿರುವಬಾರದು. ಕಳ್ಳರನ್ನು ಕಾಯಲೆಂದು ಹಾಕಿಸಿದ ಕ್ಯಾಮರಾವೇ ಕಳ್ಳನ ಕಣ್ಣಾಗುವುದುಂಟು. ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮರಾಗಳಿಗೆ ‘ಅಡ್ಮಿನ್ 123’ ಎಂಬ ಕಾರ್ಖಾನೆಯ ಗುಪ್ತಪದವೇ ಉಳಿದಿದ್ದುದರಿಂದ ಅಲ್ಲಿಯ ದೃಶ್ಯಗಳು ಜಗತ್ತಿನ ಪಾಲಾದವು. ಮಧ್ಯಪ್ರದೇಶದ ಖಜುರಾಹೊದಲ್ಲಿ 2025ರ ಜನವರಿಯಲ್ಲಿ, ಅಂಗಡಿಗಳ ಮುಂದಿನ ಹಣ ಪಾವತಿಯ ಚೌಕದ ಚೀಟಿಗಳ ಮೇಲೆ ರಾತ್ರೋರಾತ್ರಿ ತಮ್ಮ ಚೀಟಿ ಅಂಟಿಸಿ ಹೋಗಿದ್ದರು. ಬೆಳಗ್ಗೆ ಅಂಗಡಿ ತೆರೆದೊಡನೆ ಕಸ ಗುಡಿಸುವಂತೆ ಆ ಚೀಟಿಯನ್ನೂ ಒಮ್ಮೆ ಉಗುರಿನಿಂದ ಕೆರೆದು ನೋಡುವುದಕ್ಕೆ ಯಾವ ಇಂಜಿನಿಯರನೂ ಬೇಕಾಗಿಲ್ಲ. ಹಾಗೆಯೇ, ಕೆಲಸ ಬಿಟ್ಟುಹೋದವರ ಹೆಸರನ್ನು ಅಂದೇ ತೆಗೆಯುವುದು, ಯಂತ್ರ ‘ಹೊಸ ತೇಪೆ ಬಂದಿದೆ, ಹಾಕಲೆ?’ ಎಂದು ಕೇಳಿದಾಗ ‘ನಾಳೆ’ ಎನ್ನದಿರುವುದು, ರಿಪೇರಿಗೆಂದು ದೂರದಿಂದ ಯಂತ್ರದೊಳಗೆ ಬಂದ ಹುಡುಗನು ಹೋದಮೇಲೆ ಆ ಬಾಗಿಲನ್ನು ಮುಚ್ಚುವುದು. ವಿಂಡೋಸ್ 10 ಎಂಬುದಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ನಮ್ಮ ಎಷ್ಟು ಅಂಗಡಿಗಳ ಗಲ್ಲಾದ ಮೇಲೆ ಅದು ಇನ್ನೂ ಕುಳಿತಿದೆಯೆಂಬುದನ್ನು ನೋಡಲು ನೀವು ಸಂತೆಗೆ ಹೋದಾಗ ಕಣ್ಣು ಹಾಯಿಸಿದರೆ ಸಾಕು.

ಇರಲಿ, ಸೂಡಿಗೆ ಹಿಂದಿರುಗುತ್ತೇನೆ. ಬಿಸಿಲು ಇಳಿದಮೇಲೆ ದಿವಾನಜಿಯವರು ಬಂದರು. ನಮ್ಮನ್ನು ಕಂಡು ಬಾಗಿಲಲ್ಲಿ ಒಂದು ಕ್ಷಣ ನಿಂತರು. ಮಾವನವರು ಎದ್ದು ನಿಂತರು. ಅಂಗಡಿಯಲ್ಲಿ ಅವರು ಯಾರಿಗೂ ಎದ್ದವರಲ್ಲ. ಜೇಬಿನಿಂದ ಗಲ್ಲಾದ ಕೀಲಿಯನ್ನು ತೆಗೆದು ಮುಂದೆ ಚಾಚಿದರು.

“ನಂದ ತಪ್ಪಾತು, ದಿವಾನಜಿ. ಬರ್ರಿ.”

ದಿವಾನಜಿಯವರು ಕೀಲಿಯನ್ನು ತೆಗೆದುಕೊಳ್ಳಲಿಲ್ಲ. ಕೈಕಾಲು ತೊಳೆದು ಬಂದು ಕುಳಿತು, ಬಹಳ ಹೊತ್ತಿನ ಮೇಲೆ ಹೇಳಿದರು: “ಬರ್ತೀನ್ರೀ ಸಾವ್ಕಾರ್ರ. ಆದ್ರ ನನಗೊಬ್ಬನಿಗೇ ಬ್ಯಾಡ. ಹಣಾ ತುಂಬೂದು ನಾನು, ಹೂಂ ಅನ್ನೂದು ನೀವು. ನಿಮ್ಮ ಹೆಸರಿಂದು ನಿಮಗ, ನನ್ನ ಹೆಸರಿಂದು ನನಗ. ಹುಡುಗಂದು ಹುಡುಗಗ. ನಾಳೆ ಏನರ ಆದ್ರ ಯಾರು ಮಾಡಿದ್ರು ಅಂತ ಗೊತ್ತಾಗಬೇಕು.”

ತಜ್ಞರು ಸಾವಿರಾರು ರೂಪಾಯಿ ಪಡೆದು ಕೊಡುವ ಸಲಹೆಯನ್ನು ಆ ವೃದ್ಧರು ತಮ್ಮ ನೋವಿನಿಂದಲೇ ತೆಗೆದಿದ್ದರು. ಬರುವಾಗ ಜೋಡುಕಳಸದ ಗುಡಿಯ ಎರಡು ಶಿಖರಗಳನ್ನು ತೋರಿಸಿ ಮಾವನವರು ಏನೋ ಹೇಳಹೊರಟು ಸುಮ್ಮನಾದರು. ಕಂಠ ಬಿಗಿದಿದ್ದಿತೆಂದು ತೋರುತ್ತದೆ.

ಇನ್ನು ಸೋಮವಾರದ ಕರೆ. ಮಾವನವರು ನಗುತ್ತಲೇ ಮಾತಾಡಿದರು. ಒಂದು ಗೊಬ್ಬರದ ಕಂಪನಿಯಿಂದ ಮೊನ್ನೆ ಪತ್ರ ಬಂದಿತ್ತಂತೆ, ಖಾತೆ ಬದಲಾಗಿದೆಯೆಂದು. ದಿವಾನಜಿಯವರು ಕನ್ನಡಕ ಹಾಕಿಕೊಂಡು, ಶಾಯಿಯಲ್ಲಿ ಬರೆದಿಟ್ಟಿರುವ ಫೋನಿನ ಪುಸ್ತಕವನ್ನು ತೆಗೆದು, ಹಳೆಯ ಸಂಖ್ಯೆಗೆ ಕರೆ ಮಾಡಿದರು. ಈ ಸಲ ಪತ್ರ ನಿಜವಾದುದೇ. ಕಂಪನಿಯವರು ಬ್ಯಾಂಕನ್ನು ಬದಲಿಸಿದ್ದರು. ಆ ಕಡೆಯ ಹುಡುಗನಿಗೆ ಬೇಸರವಾಗಿ, “ಅದೆಲ್ಲಾ ಮೇಲ್‌ನಾಗ ಐತಲ್ರೀ, ನೋಡ್ರಿ” ಎಂದನಂತೆ.

“ನೋಡೀನ್ರೀ,” ಎಂದರಂತೆ ದಿವಾನಜಿ. “ನೀವು ಬಾಯಿಲೆ ಒಂದೊಂದ ಅಂಕಿ ಹೇಳ್ರಿ. ನಾ ಬರಕೋತೀನಿ. ನಂತರ ನಮ್ಮ ಸಾವ್ಕಾರ್ರಿಗೆ ಕೊಡ್ತೀನಿ, ಅವರಿಗೂ ಒಂದ್ಸಲ ಹೇಳ್ರಿ.”